ಅಪೆಂಡಿಕ್ಸ್ ತೆಗೆಸಿ 15 ವರ್ಷ ಆಯ್ತು, ಈಗ ಪುನಃ ಅದೇ ಜಾಗದಲ್ಲಿ ಬೇನೆ. ಹೀಗೂ ಆಗ್ತದಾ?

ನೀರ್ಚಾಲಿನವ · ಭಾನುವಾರ, ಸಂಜೆ 7.20

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದಿ ಹೋಗುವವ, ಬರೆಯುವುದು ಇದೇ ಮೊದಲು.

ನನಗೆ ಈಗ 41. 2010ರಲ್ಲಿ ಅಪೆಂಡಿಕ್ಸ್ ಆಪರೇಶನ್ ಆಗಿದೆ. ಹೊಟ್ಟೆ ಕೊಯ್ದು ಮಾಡಿದ್ದು, ಬಲಬದಿಯಲ್ಲಿ ಕಲೆ ಈಗಲೂ ಉಂಟು. ಆಮೇಲೆ ಅದರ ನೆನಪೇ ಇರಲಿಲ್ಲ. ಮೊನ್ನೆ ಗುರುವಾರ ಅಡಿಕೆ ತೋಟಕ್ಕೆ ಕೊಳೆರೋಗದ ಎರಡನೇ ಮದ್ದು ಬಿಡ್ಲಿಕ್ಕೆ ಅಂತ ಮೈಲುತುತ್ತು ನೆನೆಸಿ ಇಟ್ಟಿದ್ದೆ. ಮಧ್ಯಾಹ್ನ ಹೊಕ್ಕುಳಿನ ಸುತ್ತ ಒಂದು ನಮೂನೆ ಬೇನೆ ಶುರು. ಊಟ ಸೇರಲಿಲ್ಲ. ರಾತ್ರಿ ಎರಡು ಸಲ ವಾಂತಿ. ಶುಕ್ರವಾರ ಬೆಳಗ್ಗೆ ಏಳುವಾಗ ಬೇನೆ ಕೆಳಗಿಳಿದು ಬಲಬದಿಗೆ, ಸರಿಯಾಗಿ ಆ ಕಲೆಯ ಅಡಿಗೆ ಬಂದು ಕೂತಿದೆ. 15 ವರ್ಷದ ಹಿಂದೆ ಹೇಗಿತ್ತೋ ಹಾಗೆಯೇ, ಏನೂ ವ್ಯತ್ಯಾಸ ಇಲ್ಲ.

ಹತ್ತಿರದ ಒಂದು ಆಸ್ಪತ್ರೆಗೆ ಹೋದೆ. ಡಾಕ್ಟ್ರು ಕಲೆ ನೋಡಿದ ಕೂಡಲೇ "ಅಪೆಂಡಿಕ್ಸ್ ಆಗ್ಲೇ ಹೋಗಿದೆಯಲ್ಲ, ಇನ್ನೆಂತ ಇದೆ ಅಲ್ಲಿ? ಗ್ಯಾಸ್" ಅಂತ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದ್ರು. ಎರಡು ಗಂಟೆ ಕಡಿಮೆ ಆಯ್ತು, ಮತ್ತೆ ಅದೇ. ಇವತ್ತು ಸಣ್ಣಕೆ ಜ್ವರ ಉಂಟು. ತೆಗೆದ ಅಪೆಂಡಿಕ್ಸ್ ಪುನಃ ಬರ್ತದಾ? ಯಾರಿಗಾದ್ರೂ ಹೀಗೆ ಆದದ್ದುಂಟಾ?

ಉಪ್ಪಳ ಟು ದುಬೈ · 7.41

ಅಣ್ಣಾ, ಜೀರಿಗೆ ಕಷಾಯ ಮಾಡಿ ಕುಡಿಯಿರಿ, ಮೇಲಿಂದ ಪುನರ್ಪುಳಿ ಸಾರು. ನನಗೂ ಹೀಗೆ ಬಲಬದಿ ಬರ್ತಾ ಇತ್ತು, ಹೋಯ್ತು. ಆಟಿಯ ಗಾಳಿಗೆ ಹೊಟ್ಟೆ ಕೆಡುವುದು ಸಹಜ.

ಬಸವನಗುಡಿ ಬೀದಿ · 7.50

ತೆಗೆದು ಹಾಕಿದ್ದು ಮತ್ತೆ ಹೇಗ್ ಬೆಳೆಯತ್ತೆ ಸ್ವಾಮಿ? ಹಲ್ಲಾ ಅದು? ಕಿಡ್ನಿ ಸ್ಟೋನ್ ಇರ್ಬೇಕು, ಒಂದು ಸ್ಕ್ಯಾನ್ ಮಾಡ್ಸಿ.

ದೇರಳಕಟ್ಟೆ ಪಿಜಿ · 8.05

ನೀರ್ಚಾಲಿನವರೇ, ನಾನು ಡಾಕ್ಟರ್, ಜನರಲ್ ಸರ್ಜರಿಯ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿ. ಹೊಟ್ಟೆ ಮುಟ್ಟದೆ ರೋಗ ಹೇಳುವುದು ತಪ್ಪು, ಹಾಗಾಗಿ ಇಂಥದ್ದೇ ಅಂತ ಹೇಳುವುದಿಲ್ಲ. ಆದರೆ ಹೊಕ್ಕುಳಲ್ಲಿ ಶುರುವಾಗಿ ಬಲಕ್ಕೆ ಇಳಿದ ನೋವು, ವಾಂತಿ, ಊಟ ಸೇರದಿರುವುದು, ಮೂರನೇ ದಿನಕ್ಕೆ ಜ್ವರ, ಇಷ್ಟು ಕೂಡಿ ಬಂದರೆ ಹಳೆ ಕಲೆ ಇದೆ ಅಂತ ಬಿಟ್ಟುಬಿಡುವ ವಿಷಯ ಅಲ್ಲ.

ತೆಗೆದದ್ದು ಪುನಃ ಬೆಳೆಯುವುದಿಲ್ಲ, ಅದು ಸರಿ. ಆದರೆ ತೆಗೆಯುವಾಗ ಬುಡದಲ್ಲಿ ಒಂದು ಮೋಟು ಉಳಿದಿದ್ದರೆ ಆ ಮೋಟಿಗೇ ಅಪೆಂಡಿಸೈಟಿಸ್, ಅಂದರೆ ಅಪೆಂಡಿಕ್ಸಿನ ಬಾವು, ಬರಬಹುದು. ಸ್ಟಂಪ್ ಅಪೆಂಡಿಸೈಟಿಸ್ ಅಂತಲೇ ಅದರ ಹೆಸರು. ತುಂಬ ಅಪರೂಪ. ಅಪರೂಪ ಅಂತಲೇ ತಪ್ಪಿಹೋಗುತ್ತದೆ.

ನಾಳೆ ಅಲ್ಲ, ಇವತ್ತು ರಾತ್ರಿಯೇ ಸರ್ಜನ್ ಮತ್ತು ಸಿಟಿ ಸ್ಕ್ಯಾನ್ ಎರಡೂ ಇರುವ ಆಸ್ಪತ್ರೆಗೆ ಹೋಗಿ. ಕಷಾಯವೂ ಸೇರಿ ಏನನ್ನೂ ಕುಡಿಯಬೇಡಿ.

ಮುಳ್ಳೇರಿಯ ನರ್ಸಕ್ಕ · 8.12

ಪಿಜಿ ಡಾಕ್ಟ್ರು ಹೇಳಿದ್ದು ಕೇಳಿ ತಮ್ಮಾ. ಇನ್ನೊಂದು, ನಮ್ಮ ಕಡೆ ಹೊಟ್ಟೆಬೇನೆ ಅಂದ ಕೂಡಲೇ ಮನೆಯಲ್ಲಿ ಹಿರಿಯರು ಹರಳೆಣ್ಣೆ ಕುಡಿಸುವ ಕ್ರಮ ಉಂಟು, ಹೊಟ್ಟೆ ತೊಳೆದು ಹೋಗ್ಲಿ ಅಂತ. ಅದೊಂದು ಮಾಡ್ಬೇಡಿ. ಬಾತ ಕರುಳಿಗೆ ಜುಲಾಬಿನ ಒತ್ತಡ ಬಿದ್ರೆ ಒಡೀತದೆ. ಎಷ್ಟು ಜನರನ್ನು ಹಾಗೆ ಒಡೆದ ಮೇಲೆ ತಂದದ್ದು ನೋಡಿದ್ದೇನೆ.

ಹಳೆ ಆಪರೇಶನಿನ ಕಾಗದ ಮನೆಯಲ್ಲಿ ಉಂಟಾ? ಡಿಸ್ಚಾರ್ಜ್ ಚೀಟಿ, ಬಯಾಪ್ಸಿ ರಿಪೋರ್ಟ್, ಏನಿದ್ರೂ ತಕೊಂಡು ಹೋಗಿ. ಬೇರೆ ಏನು ಮರೆತ್ರೂ ಅಡ್ಡಿಲ್ಲ.

ನೀರ್ಚಾಲಿನವ · 8.30

ಒಂದು ಹೇಳ್ಲಿಕ್ಕೆ ಮರೆತೆ. ಮೊನ್ನೆ ರಿಕ್ಷಾದಲ್ಲಿ ವಾಪಸು ಬರುವಾಗ ಹಂಪು ಸಿಕ್ಕಿದಲ್ಲೆಲ್ಲ ಜೀವ ಹೋಗಿ ಬಂದ ಹಾಗೆ ಆಗ್ತಿತ್ತು. ರಿಕ್ಷಾದವನಿಗೆ ಹೇಳಿ ಹೇಳಿ ಸಾಕಾಯ್ತು. ಅದಕ್ಕೆ ಏನಾದ್ರೂ ಅರ್ಥ ಉಂಟಾ ಡಾಕ್ಟ್ರೇ?

ದೇರಳಕಟ್ಟೆ ಪಿಜಿ · 8.36

ಉಂಟು. ಇಂಗ್ಲೆಂಡಿನಲ್ಲಿ 2012ರಲ್ಲಿ ಇದರ ಮೇಲೆಯೇ ಒಂದು ಅಧ್ಯಯನ ಪ್ರಕಟವಾಗಿತ್ತು. ಹಂಪು ದಾಟಿ ಆಸ್ಪತ್ರೆಗೆ ಬಂದವರಲ್ಲಿ ಆಮೇಲೆ ಅಪೆಂಡಿಸೈಟಿಸ್ ಖಾತ್ರಿಯಾದವರು 34 ಜನ. ಅವರಲ್ಲಿ 33 ಜನರಿಗೆ ಹಂಪಿನ ಮೇಲೆ ನೋವು ಜೋರಾಗಿತ್ತು. ಬೇರೆ ಕಾಯಿಲೆಯವರಲ್ಲೂ ಸುಮಾರು ಜನರಿಗೆ ನೋವಾಗಿತ್ತು, ಆದ್ದರಿಂದ ಹಂಪಿನಲ್ಲಿ ನೋವಾಯಿತು ಅಂದಮಾತ್ರಕ್ಕೆ ಅಪೆಂಡಿಸೈಟಿಸ್ ಅಲ್ಲ. ಆದರೆ ಹೊಟ್ಟೆಯ ಒಳಪೊರೆ ಕೆರಳಿದೆ ಅಂತ ಅನುಮಾನ ಪಡಬೇಕು. ಗ್ಯಾಸಿಗೆ ಹಾಗಾಗುವುದು ಕಡಿಮೆ.

ಇನ್ನು ಬರೆಯುತ್ತಾ ಕೂರಬೇಡಿ, ಹೊರಡಿ.

ಉಪ್ಪಳ ಟು ದುಬೈ · 8.38

ಕಷಾಯ ಹೇಳಿದ್ದು ವಾಪಸು ತಕೊಂಡೆ. ಅಣ್ಣಾ, ನಿಧಾನ ಹೋಗಿ. ಹೈವೇ ಕೆಲಸದಲ್ಲಿ ಸರ್ವೀಸ್ ರೋಡು ಪೂರಾ ಹೊಂಡ ಅಂತ ಮನೆಯವರು ಹೇಳ್ತಾ ಇದ್ರು.

ನೀರ್ಚಾಲಿನವ · 9.05

ಹೊರಟೆವು. ಭಾವನ ಕಾರು. ಕಾಗದ ಸಿಕ್ಕಿತು ಅಕ್ಕಾ. ಅಮ್ಮನ ಕಪಾಟಿನಲ್ಲಿ ರೇಶನ್ ಕಾರ್ಡು, ಜಾಗದ ತೀರ್ವೆ ರಶೀದಿ, ಅಪ್ಪನ ಜಾತಕ, ಇದರ ಮಧ್ಯೆ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಇತ್ತು. ಒಂದು ಮೂಲೆ ಒರಳೆ ತಿಂದಿದೆ, ಶಾಯಿ ನೇರಳೆ ಆಗಿದೆ, ಆದ್ರೂ ಓದ್ಲಿಕ್ಕೆ ಬರ್ತದೆ. ಇಂಗ್ಲಿಷಿನಲ್ಲಿ ಉಂಟು. ಅಪೆಂಡಿಕ್ಸ್ ಸೀಕಮಿನ (ದೊಡ್ಡ ಕರುಳಿನ ಶುರುವಿನ ಚೀಲ) ಹಿಂದೆ ಇತ್ತು, ಸುತ್ತ ಅಂಟಿಕೊಂಡಿತ್ತು, ತುದಿ ಕೊಳೆತಿತ್ತು ಅಂತ. ಲ್ಯಾಬಿನ ಚೀಟಿಯಲ್ಲಿ 3.5 ಸೆಂ.ಮೀ. ಉದ್ದದ ತುಂಡು ಬಂದಿದೆ ಅಂತ ಬರೆದಿದೆ.

ದೇರಳಕಟ್ಟೆ ಪಿಜಿ · 9.08

ಆ ಕೊನೆಯ ಸಾಲನ್ನು ಅಲ್ಲಿಯ ಡ್ಯೂಟಿ ಡಾಕ್ಟರ್ ಕೈಗೆ ಮೊದಲು ಕೊಡಿ.

ಕುಂಬಳೆ ಮಾಷ್ಟ್ರು · ಸೋಮವಾರ, ಬೆಳಗ್ಗೆ 6.15

ಬೆಳಗ್ಗೆ ಎದ್ದು ನೋಡಿದೆ. ಏನಾಯಿತು? ಯಾರಿಗಾದರೂ ಸುದ್ದಿ ಇದೆಯೇ?

ಕಾಯುವಾಗ ನೆನಪಾದದ್ದು ಒಂದಿದೆ. 1902ರ ಜೂನಿನಲ್ಲಿ ಬ್ರಿಟನ್ನಿನ ಅರಸ ಏಳನೆಯ ಎಡ್ವರ್ಡನ ಪಟ್ಟಾಭಿಷೇಕ ಎರಡು ದಿನ ಇದೆ ಅನ್ನುವಾಗ ಮುಂದೆ ಹೋಯಿತು. ಕಾರಣ ಅಪೆಂಡಿಕ್ಸ್. ಫ್ರೆಡರಿಕ್ ಟ್ರೀವ್ಸ್ ಎಂಬ ಸರ್ಜನ್ ಅರಮನೆಯಲ್ಲೇ ಆಪರೇಶನ್ ಮಾಡಿದರು. ಆದರೆ ಅಪೆಂಡಿಕ್ಸ್ ತೆಗೆಯಲಿಲ್ಲ, ಕಟ್ಟಿದ್ದ ಕೀವು ಮಾತ್ರ ಹೊರಗೆ ಬಿಟ್ಟರು. ಆಗಸ್ಟಿನಲ್ಲಿ ಅರಸ ಕಿರೀಟ ಇಟ್ಟುಕೊಂಡ. ಅಂದರೆ ಚಕ್ರವರ್ತಿಗೆ "ಅಪೆಂಡಿಕ್ಸ್ ಆಪರೇಶನ್" ಆಯಿತು, ಅಪೆಂಡಿಕ್ಸ್ ಮಾತ್ರ ಒಳಗೇ ಇತ್ತು! ತಮಾಷೆಗೆ ಹೇಳಿದ್ದಲ್ಲ, ನಮ್ಮ ಮಿತ್ರರ ವಿಷಯಕ್ಕೂ ಇದಕ್ಕೂ ಸಂಬಂಧ ಇರಬಹುದೇ ಎಂದು ಕೇಳುತ್ತಿದ್ದೇನೆ.

ದೇರಳಕಟ್ಟೆ ಪಿಜಿ · ಸೋಮವಾರ, ಮಧ್ಯಾಹ್ನ 2.10

ಮಾಷ್ಟ್ರೇ, ಸಂಬಂಧ ಉಂಟು. ಅದಕ್ಕೆ ಆಮೇಲೆ ಬರುತ್ತೇನೆ. ರಾತ್ರಿ ಡ್ಯೂಟಿ ಮುಗಿಸಿ ಊಟ ಮಾಡಿ ಕೂತಿದ್ದೇನೆ, ಈ ಮೋಟಿನ ವಿಷಯ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಇಲ್ಲಿ ಓದುವವರಲ್ಲಿ ಆ ಕಲೆ ಇರುವವರು ತುಂಬ ಜನ ಇರಬಹುದು, ಸುಮ್ಮನೆ ಹೆದರುವುದು ಬೇಡ.

ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವಲ್ಲಿ ಒಂದು ಚೀಲ ಇದೆ, ಅದು ಸೀಕಮ್. ಆ ಚೀಲಕ್ಕೆ ಜೋತುಬಿದ್ದ ಬಾಲವೇ ಅಪೆಂಡಿಕ್ಸ್. ಸಾಮಾನ್ಯವಾಗಿ 8–10 ಸೆಂ.ಮೀ. ಉದ್ದ. ಕೆಲವರಿಗೆ ಎರಡೇ ಸೆಂಟಿಮೀಟರ್, ಕೆಲವರಿಗೆ ಒಂದು ಗೇಣು ಇರುವುದೂ ಉಂಟು. ಹಾಗಾಗಿ 3.5 ಸೆಂ.ಮೀ. ಅಂತ ಓದಿದ ಕೂಡಲೇ ಬುಡ ಉಳಿದಿದೆ ಅಂತ ತೀರ್ಮಾನ ಮಾಡಲಿಕ್ಕೆ ಆಗುವುದಿಲ್ಲ. ಸಂಶಯಕ್ಕೆ ಅಷ್ಟು ಸಾಕು, ಅಷ್ಟೇ.

ತೆಗೆಯುವಾಗ ಬುಡಕ್ಕೆ ದಾರ ಕಟ್ಟಿ ಕತ್ತರಿಸುತ್ತೇವೆ. ಉಳಿಯುವ ಮೋಟು 5 ಮಿ.ಮೀ.ಗಿಂತ ಕಡಿಮೆ ಇರಬೇಕು ಅಂತ ನಮಗೆ ಕಲಿಸುವುದು. ಕಷ್ಟ ಎಲ್ಲಿ ಅಂದರೆ, ಬುಡ ಯಾವುದು ಅಂತ ಗುರುತಿಸುವುದರಲ್ಲಿ. ಹುಣ್ಣಾಗಿ ಬಾತು, ಸುತ್ತಲಿನ ಕರುಳು ಕೊಬ್ಬು ಎಲ್ಲ ಮುದ್ದೆಯಾಗಿ, ಬಾಲ ಸೀಕಮಿನ ಹಿಂದೆ ಮಡಚಿ ಕೂತಿದ್ದರೆ, ಕಣ್ಣಿಗೆ ಬುಡ ಅಂತ ಕಂಡದ್ದು ನಿಜವಾದ ಬುಡ ಆಗಿರುವುದಿಲ್ಲ. ದೊಡ್ಡ ಕರುಳಿನ ಮೇಲೆ ಉದ್ದಕ್ಕೆ ಮೂರು ಸ್ನಾಯುಪಟ್ಟಿಗಳಿವೆ. ಮೂರೂ ಬಂದು ಕೂಡುವುದು ಅಪೆಂಡಿಕ್ಸಿನ ಬುಡದಲ್ಲಿ. ಆ ಪಟ್ಟಿ ಹಿಡಿದು ಕೆಳಗೆ ಹೋದರೆ ದಾರಿ ತಪ್ಪುವುದಿಲ್ಲ. ನಮ್ಮ ಸರ್ ಥಿಯೇಟರಿನಲ್ಲಿ ಪ್ರತಿ ಸಲ "ಪಟ್ಟಿ ತೋರಿಸು, ಮತ್ತೆ ಕತ್ತರಿ ಹಿಡಿ" ಅನ್ನುತ್ತಾರೆ.

ಉಳಿದ ಮೋಟು ಉದ್ದವಾಗಿದ್ದರೆ ಅದೊಂದು ಸಣ್ಣ ಅಪೆಂಡಿಕ್ಸ್ ಆದ ಹಾಗೇ. ಅದರೊಳಗೆ ಮಲದ ಗಟ್ಟಿ ಹರಳು ಸಿಕ್ಕಿಕೊಂಡು ಬಾಯಿ ಮುಚ್ಚಿದರೆ ಮೊದಲ ಸಲದ ಕಥೆಯೇ ಪುನಃ: ಬಾವು, ಕೀವು, ಒಡೆಯುವುದು. ತೋಟದವರಿಗೆ ಬೇಗ ಅರ್ಥ ಆದೀತು. ಬಾಳೆ ಕಡಿದ ಮೇಲೆ ಬುಡ ಕೀಳದಿದ್ದರೆ ಕತ್ತಿಗೆ ಕೆಲಸ ಮುಗಿಯುವುದಿಲ್ಲವಲ್ಲ. ಬಾಳೆಯ ಹಾಗೆ ಇದು ಚಿಗುರುವುದಿಲ್ಲ, ಕೊಳೆಯುತ್ತದೆ, ಅಷ್ಟೇ ವ್ಯತ್ಯಾಸ.

ಇದನ್ನು ಮೊದಲು ವರದಿ ಮಾಡಿದ್ದು ರೋಸ್ ಎಂಬವರು, 1945ರಲ್ಲಿ. 50,000 ಆಪರೇಶನಿಗೆ ಒಂದು ಅಂತ ಪುಸ್ತಕದ ಲೆಕ್ಕ. ಗುರುತಿಸದೆ ಹೋದವು ಎಷ್ಟಿವೆಯೋ, ಆ ಲೆಕ್ಕವನ್ನು ನಾನು ಪೂರ್ತಿ ನಂಬುವುದಿಲ್ಲ. ಆಪರೇಶನ್ ಆದ ಕೆಲವೇ ವಾರಗಳಲ್ಲಿ ಬಂದದ್ದೂ ಇದೆ, ಹತ್ತಾರು ವರ್ಷ ಕಳೆದು ಬಂದದ್ದೂ ಇದೆ. ತಡವಾಗಿ ಗೊತ್ತಾಗುವುದರಿಂದ ಒಡೆದ ಮೇಲೆ ಸಿಗುವುದೇ ಜಾಸ್ತಿ.

ಬಸವನಗುಡಿ ಬೀದಿ · 2.31

ನನ್ನ ಹಲ್ಲಿನ ಜೋಕಿಗೆ ಕ್ಷಮೆ ಇರಲಿ. ಒಂದು ಪ್ರಶ್ನೆ. ಕೀಹೋಲ್ ಆಪರೇಶನ್ ಬಂದ್ಮೇಲೆ ಇದು ಜಾಸ್ತಿ ಆಯ್ತಾ? ಕ್ಯಾಮರಾದಲ್ಲಿ ನೋಡಿ ಮಾಡೋದ್ರಿಂದ ಕೈಗೆ ಸ್ಪರ್ಶ ಇರಲ್ಲ ಅಂತಾರೆ.

ದೇರಳಕಟ್ಟೆ ಪಿಜಿ · 2.40

ಆ ವಾದ ಇದೆ, ಆದರೆ ಒಪ್ಪುವಂಥ ಪುರಾವೆ ಕಾಣುವುದಿಲ್ಲ. ಜರ್ಮನಿಯ ಕುರ್ಟ್ ಸೆಮ್ ಮೊದಲ ಕೀಹೋಲ್ ಅಪೆಂಡಿಕ್ಸ್ ಆಪರೇಶನ್ ಮಾಡಿದ್ದು 1980ರಲ್ಲಿ. ರೋಸ್ ಬರೆದದ್ದು ಅದಕ್ಕಿಂತ 35 ವರ್ಷ ಮೊದಲು. ಎರಡೂ ವಿಧಾನದಲ್ಲಿ ಆಗಿದೆ. ಬುಡ ಕಂಡಿತಾ ಇಲ್ಲವಾ ಅನ್ನುವುದೇ ಮುಖ್ಯ, ಹೊಟ್ಟೆಗೆ ಹೊಕ್ಕ ದಾರಿ ಅಲ್ಲ.

ಅಕ್ಕಲಕೋಟಿ ಮಂದಿ · 3.25

ನಾ ಮಹಾರಾಷ್ಟ್ರದ ಗಡಿಯಿಂದ ಬರಿಯಾಕತ್ತೀನಿ. ಮಾಸ್ತರ ಹೇಳಿದ ರಾಜನ ಕತಿ ನಮ್ಮ ಅಪ್ಪಂದೂ ಹೌದು ನೋಡ್ರಿ. ಹತ್ತು ವರ್ಷದ ಹಿಂದ ಹೊಟ್ಟಿ ಬ್ಯಾನಿ ಅಂತ ಸೋಲಾಪುರಕ್ಕ ಒಯ್ದಿದ್ವಿ. ಬಲಕ್ಕ ಕೊಯ್ದು ನಳಿಗಿ ಇಟ್ಟು ಕೀವ ತಗದ್ರು. ಮನಿಗಿ ಬಂದು ಎಲ್ಲಾರಿಗೂ "ಅಪೆಂಡಿಕ್ಸ್ ತಗಸೀವಿ" ಅಂತ ಹೇಳಿದ್ವಿ. ಹೋದ ವರ್ಷ ಮತ್ತ ಬ್ಯಾನಿ ಬಂತು. ಸ್ಕ್ಯಾನ್ ಮಾಡಿದ ಡಾಕ್ಟರು "ಅಪೆಂಡಿಕ್ಸ್ ಇಡೀದ ಐತಲ್ಲ" ಅಂದಾಗ ನಾವೆಲ್ಲ ಅವ್ರ ಜೋಡಿ ಜಗಳಕ್ಕ ನಿಂತ್ವಿ. ಆಮೇಲ ಹಳೀ ಚೀಟಿ ತಗದು ಓದಿಸಿದ್ರ ಅದ್ರಾಗ ಚಂದಾಗಿ ಬರದಿತ್ತು: ಕೀವ ತಗದೀವಿ, ಎರಡು ತಿಂಗಳಿಗೆ ಮತ್ತ ಬರ್ರಿ ಅಂತ. ನಾವು ಹೋಗೇ ಇದ್ದಿದ್ದಿಲ್ಲ. ತಪ್ಪು ನಮ್ದು. ಚೀಟಿ ಮರಾಠಿ ಇಂಗ್ಲಿಷನ್ಯಾಗ, ಅಪ್ಪಗ ಬರೂದು ಕನ್ನಡ ಒಂದ.

ಮುಳ್ಳೇರಿಯ ನರ್ಸಕ್ಕ · 3.50

ಈ ಮಾತು ಕೇಳಿ ಹೊಟ್ಟೆಗೆ ಚುರುಕ್ ಅಂತು. ಇಲ್ಲಿ ಕಾಸರಗೋಡಿನಲ್ಲಿಯೂ ಅದೇ. ಒಪ್ಪಿಗೆ ಪತ್ರ ಮಲಯಾಳದಲ್ಲಿ, ಡಿಸ್ಚಾರ್ಜ್ ಇಂಗ್ಲಿಷಿನಲ್ಲಿ, ಅಜ್ಜಿ ಮಾತಾಡುವುದು ತುಳು. "ಎವಿಡೆಯಾ ವೇದನ" (ಎಲ್ಲಿ ನೋವು) ಅಂತ ಹೊಸ ಸಿಸ್ಟರ್ ಕೇಳಿದ್ರೆ ಅಜ್ಜಿ "ಬಂಜಿಬೇನೆ ಮಗಾ" (ಹೊಟ್ಟೆನೋವು) ಅಂತಾರೆ, ಮಧ್ಯೆ ನಾನು ದುಭಾಷಿ. ಬಿಟ್ಟು ಹೋಗುವಾಗ ನಾನು ಒಂದು ಕೆಲಸ ಮಾಡ್ತೇನೆ. ಚೀಟಿಯ ಹಿಂದೆ ಕನ್ನಡದಲ್ಲಿ ಎರಡು ಗೆರೆ ಬರೆದು ಕೊಡ್ತೇನೆ, ಯಾವುದನ್ನು ತೆಗೆದಿದ್ದಾರೆ, ಯಾವುದನ್ನು ತೆಗೆದಿಲ್ಲ, ಯಾವಾಗ ಪುನಃ ಬರ್ಬೇಕು ಅಂತ. ಅದಕ್ಕೆ ನಿಯಮ ಉಂಟಾ ಇಲ್ವಾ ನಾನು ಕೇಳ್ಲಿಕ್ಕೆ ಹೋಗಿಲ್ಲ.

ದೇರಳಕಟ್ಟೆ ಪಿಜಿ · 4.02

ಮಾಷ್ಟ್ರು ಕೇಳಿದ್ದಕ್ಕೆ ಉತ್ತರ ಅಕ್ಕಲಕೋಟೆಯವರೇ ಕೊಟ್ಟರು. ಕೀವು ಕಟ್ಟಿ ಗಡ್ಡೆಯ ಹಾಗೆ ಆಗಿದ್ದರೆ ಆಗಲೇ ಕೈ ಹಾಕಿದರೆ ಕರುಳಿಗೆ ಅಪಾಯ ಅಂತ, ಆಂಟಿಬಯಾಟಿಕ್ ಕೊಟ್ಟು, ಬೇಕಾದರೆ ಕೀವು ಮಾತ್ರ ತೆಗೆದು, 6–8 ವಾರ ಬಿಟ್ಟು ಅಪೆಂಡಿಕ್ಸ್ ತೆಗೆಯುವ ಪದ್ಧತಿ ಇದೆ. ಆ ಎರಡನೇ ಭೇಟಿಗೆ ಬೇನೆ ಇರುವುದಿಲ್ಲ, ಆದ್ದರಿಂದ ಜನರೂ ಬರುವುದಿಲ್ಲ. ನನ್ನ ಅಂದಾಜಿನಲ್ಲಿ "ತೆಗೆಸಿದ ಮೇಲೂ ಬಂತು" ಅನ್ನುವವರಲ್ಲಿ ಮೋಟಿನವರಿಗಿಂತ ಇಂಥವರೇ ಹೆಚ್ಚು ಸಿಗಬಹುದು.

ಪೆರ್ಲದ ಟೀಚರ್ · 5.15

ನನ್ನದು ಬೇರೆಯೇ ಕಥೆ. ಅಪೆಂಡಿಕ್ಸ್ ಹೋಗಿ ಆರು ವರ್ಷಕ್ಕೆ ಅದೇ ಜಾಗದಲ್ಲಿ ಕೊಲ್ಲುವ ನೋವು. ಮನೆಯಲ್ಲಿ ಎಲ್ಲರೂ "ಅದೇ ಪುನಃ ಬಂತು" ಎಂದರು. ನೋಡಿದರೆ ಬಲ ಅಂಡಾಶಯದಲ್ಲಿ ನೀರಿನ ಗುಳ್ಳೆ, ಅದು ತಿರುಚಿಕೊಂಡಿತ್ತು. ಅದೂ ತುರ್ತು ಆಪರೇಶನೇ. ಹೆಣ್ಣುಮಕ್ಕಳು ಓದುತ್ತಿದ್ದರೆ ಇದನ್ನೂ ನೆನಪಿಡಲಿ ಎಂದು ಬರೆದೆ.

ದೇರಳಕಟ್ಟೆ ಪಿಜಿ · 5.30

ಟೀಚರ್ ಹೇಳಿದ್ದು ಸರಿ. ಬಲಬದಿಯ ಕೆಳಹೊಟ್ಟೆಯಲ್ಲಿ ಇರುವುದು ಒಂದೇ ಅಂಗ ಅಲ್ಲ. ಮೂತ್ರನಾಳದ ಕಲ್ಲು, ಗರ್ಭನಾಳದಲ್ಲಿ ನಿಂತ ಗರ್ಭ, ಹಳೆ ಆಪರೇಶನಿನಿಂದ ಕರುಳು ಅಂಟಿಕೊಳ್ಳುವುದು, ಕಲೆಯಲ್ಲೇ ಹರ್ನಿಯಾ, ಕ್ರೋನ್ಸ್ ಎಂಬ ಕರುಳಿನ ಉರಿಯೂತ, ನಮ್ಮ ದೇಶದಲ್ಲಿ ಕರುಳಿನ ಕ್ಷಯವನ್ನೂ ಬಿಡುವ ಹಾಗಿಲ್ಲ. ಮೋಟಿನ ಕಾಯಿಲೆ ಈ ಪಟ್ಟಿಯ ಕೊನೆಯಲ್ಲಿ ಬರುವುದು. ಆದರೆ ಪಟ್ಟಿಯಲ್ಲೇ ಇಲ್ಲ ಅಂತ ಆಗಬಾರದು.

ನೀರ್ಚಾಲಿನವ · ಸೋಮವಾರ, ಸಂಜೆ 6.40

ನಾನು ಅವರ ಅಳಿಯ, ಅಕ್ಕನ ಮಗ. ಮಾವನ ಫೋನಿನಿಂದ ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ತಲಪಾಡಿ ದಾಟಿ ಮಂಗಳೂರಿಗೆ ತಲುಪುವಾಗ 11 ಗಂಟೆ. ಅಲ್ಟ್ರಾಸೌಂಡಿನಲ್ಲಿ ಗ್ಯಾಸ್ ಅಡ್ಡ ಬಂದು ಏನೂ ಸರಿ ಕಾಣಲಿಲ್ಲ. ಕಿಡ್ನಿ ಸರಿ ಇದೆಯಾ ಅಂತ ರಕ್ತದ ಕ್ರಿಯಾಟಿನಿನ್ ನೋಡಿ ಬೆಳಗ್ಗೆ ಸಿಟಿ ಮಾಡಿದರು. ಸೀಕಮಿನಿಂದ 2.8 ಸೆಂ.ಮೀ. ಉದ್ದದ ಕೊಳವೆ ಹೊರಟಿದೆ, ದಪ್ಪಗೆ ಬಾತಿದೆ, ಒಳಗೆ ಒಂದು ಹರಳು, ಸುತ್ತ ಸ್ವಲ್ಪ ನೀರು. ರಿಪೋರ್ಟಿನಲ್ಲಿ ಸ್ಟಂಪ್ ಅಪೆಂಡಿಸೈಟಿಸ್ ಅಂತಲೇ ಬರೆದಿದ್ದಾರೆ. ಈಗ ಒಳಗೆ ಕರೆದುಕೊಂಡು ಹೋದರು. ಒಳಗೆ ಹೋಗುವ ಮೊದಲು ಮಾವ "ಅಲ್ಲಿ ಒಂದು ಬರೆದು ಹಾಕು, ಕಾಯ್ತಾ ಇರ್ತಾರೆ" ಅಂದರು.

ಕುಂಬಳೆ ಮಾಷ್ಟ್ರು · 6.44

ಕಣಿಪುರದ ಗೋಪಾಲಕೃಷ್ಣನಲ್ಲಿ ಒಂದು ಕೈ ಮುಗಿದು ಬಂದೆ. ಎಲ್ಲ ಸರಿ ಹೋಗಲಿ.

ಉಪ್ಪಳ ಟು ದುಬೈ · 6.47

ದುಆ ಉಂಟು ಅಣ್ಣನಿಗೆ. ಅಳಿಯಾ, ಏನಾದ್ರೂ ಬೇಕಾದ್ರೆ ಹೇಳಿ, ನನ್ನ ತಮ್ಮ ತೊಕ್ಕೊಟ್ಟಿನಲ್ಲೇ ಇರುವುದು.

ಬಸವನಗುಡಿ ಬೀದಿ · 8.10

ಕಾಯೋ ಹೊತ್ತಲ್ಲಿ ಕೇಳ್ತೀನಿ. ಈಗ ಆಪರೇಶನ್ ಇಲ್ದೆ ಬರೀ ಆಂಟಿಬಯಾಟಿಕ್‌ನಲ್ಲೇ ವಾಸಿ ಮಾಡ್ತಾರಂತಲ್ಲ?

ದೇರಳಕಟ್ಟೆ ಪಿಜಿ · 8.55

ಮೊದಲ ಸಲದ, ಒಡೆಯದ ಅಪೆಂಡಿಸೈಟಿಸಿಗೆ ಅದು ಒಂದು ದಾರಿ ಹೌದು. ಫಿನ್ಲೆಂಡಿನ ಅಧ್ಯಯನದಲ್ಲಿ ಹಾಗೆ ಮಾಡಿದವರಲ್ಲಿ 5 ವರ್ಷದೊಳಗೆ ಸುಮಾರು 39% ಜನರಿಗೆ ಪುನಃ ಬಂತು. ಅಮೆರಿಕದಲ್ಲಿ 1,552 ಜನರ ಮೇಲೆ ಮಾಡಿದ ಅಧ್ಯಯನ 2020ರಲ್ಲಿ ಬಂದಿದೆ. ಆಂಟಿಬಯಾಟಿಕ್ ಗುಂಪಿನಲ್ಲಿ 90 ದಿನದೊಳಗೆ ಹತ್ತರಲ್ಲಿ ಮೂವರಿಗೆ ಆಪರೇಶನ್ ಬೇಕಾಯಿತು. ಒಳಗೆ ಹರಳಿದ್ದವರಿಗೆ ಇನ್ನೂ ಜಾಸ್ತಿ. ಇವರಿಗೆ ಹರಳೂ ಉಂಟು, ಇದು ನಾಲ್ಕನೇ ದಿನ, ಸುತ್ತ ನೀರೂ ಬಂದಿದೆ. ಮೋಟಿನ ವಿಷಯದಲ್ಲಿ ಉಳಿದದ್ದನ್ನು ತೆಗೆದು ಮುಗಿಸುವುದೇ ರೂಢಿ. ಸೀಕಮೇ ಹಾಳಾಗಿದ್ದರೆ ಕರುಳಿನ ಒಂದು ಭಾಗವನ್ನೂ ತೆಗೆಯಬೇಕಾಗುತ್ತದೆ. ಹಾಗಾಗದಿರಲಿ.

ನೀರ್ಚಾಲಿನವ · ಸೋಮವಾರ, ರಾತ್ರಿ 10.20

ಅಳಿಯ. ಆಯ್ತು. ಕೀಹೋಲಿನಲ್ಲೇ ಆಯ್ತು. ಕರುಳು ತೆಗೆಯಬೇಕಾಗಲಿಲ್ಲ.

ನೀರ್ಚಾಲಿನವ · ಶುಕ್ರವಾರ, ಮಧ್ಯಾಹ್ನ 12.05

ಮನೆಗೆ ಬಂದೆ. ಗಂಜಿ, ತೆಳ್ಳಗೆ ಮಜ್ಜಿಗೆ. ಉಪ್ಪಿನಕಾಯಿ ಕಣ್ಣಲ್ಲಿ ನೋಡುವುದು ಮಾತ್ರ. ಎಲ್ಲರ ಮೆಸೇಜು ಓದಿದೆ, ಕಣ್ಣು ಒದ್ದೆ ಆಯ್ತು.

ಭಾನುವಾರ ರಾತ್ರಿದು ಹೇಳ್ತೇನೆ. ಕ್ಯಾಶುವಾಲಿಟಿಯಲ್ಲಿ ಒಬ್ಬರು ಎಳೇ ಡಾಕ್ಟ್ರಮ್ಮ. ಅವರೂ ಕಲೆ ನೋಡಿ ಮೊದಲು "ಅಪೆಂಡಿಕ್ಸ್ ಆಗಿದೆಯಲ್ಲ" ಅಂದ್ರು. ನಾನು ಮಾತಾಡ್ಲಿಲ್ಲ, ತೊಟ್ಟೆಯಿಂದ ಒರಳೆ ತಿಂದ ಕಾಗದ ತೆಗೆದು 3.5 ಸೆಂ.ಮೀ. ಅಂತ ಇದ್ದಲ್ಲಿ ಬೆರಳಿಟ್ಟು ತೋರಿಸಿದೆ. ಓದಿದ್ರು. ಇನ್ನೊಮ್ಮೆ ಓದಿದ್ರು. ಮತ್ತೆ ಹೊಟ್ಟೆಯ ಮೇಲೆ ನಿಧಾನ ಒತ್ತಿ ಥಟ್ಟನೆ ಕೈ ತೆಗೆದ್ರು. ನಾನು ಮಂಚದಿಂದ ಹಾರಿದ್ದೊಂದು ಬಾಕಿ. ಕೂಡಲೇ ಫೋನ್ ತೆಗೆದು ದೊಡ್ಡ ಡಾಕ್ಟ್ರಿಗೆ ಮಾಡಿದ್ರು.

ಸಿಟಿಯಲ್ಲಿ ಕೈಗೆ ಮದ್ದು ಹರಿಸುವಾಗ ಗಂಟಲಿನಿಂದ ತೊಡೆಯವರೆಗೆ ಬಿಸಿ ನೀರು ಹೋದ ಹಾಗೆ ಆಗ್ತದೆ, ಚಡ್ಡಿಯಲ್ಲೇ ಮೂತ್ರ ಹೋಯ್ತಾ ಅಂತ ನಾಚಿಕೆ ಆಯ್ತು. ಹಾಗೆ ಅನಿಸುವುದಂತೆ, ಆಗಿರುವುದಿಲ್ಲ. ಮೊದಲೇ ಹೇಳಿದ್ರೆ ಒಳ್ಳೇದಿತ್ತು.

ಆಪರೇಶನ್ ಆದ ಮರುದಿನ ಸರ್ಜನ್ ಬಂದು ಕೂತು ಹೇಳಿದ್ರು. ಹಳೆ ಅಂಟು ಬಿಡಿಸ್ಲಿಕ್ಕೆ ಒಂದು ಗಂಟೆ ಹಿಡಿಯಿತಂತೆ. ಮೋಟು ಒಡೆಯುವ ಹಂತಕ್ಕೆ ಬಂದಿತ್ತು, ಒಡೆದಿರ್ಲಿಲ್ಲ. ಬುಡ ಗಟ್ಟಿ ಇತ್ತು, ಹಾಗಾಗಿ ಸ್ಟೇಪ್ಲರ್ ಹಾಕಿ ತೆಗೆದ್ರು. "ಹಿಂದಿನವರನ್ನು ಬೈಬೇಡಿ, ಆಗ ಆ ಮುದ್ದೆಯೊಳಗೆ ನಾನಿದ್ರೂ ಅಲ್ಲಿಗೇ ಕಟ್ತಿದ್ದೆನೋ ಏನೋ" ಅಂತ ಅವರೇ ಹೇಳಿದ್ರು. ಅದು ಅವರ ದೊಡ್ಡತನ. ನನಗೆ ಕೋಪ ಇರುವುದು 2010ರ ಡಾಕ್ಟ್ರ ಮೇಲೆ ಅಲ್ಲ. ಅವರು ಜೀವ ಉಳಿಸಿದ್ರು, ಎಂತ ಕಂಡ್ರೋ ಅದನ್ನು ಪ್ರಾಮಾಣಿಕವಾಗಿ ಬರೆದಿಟ್ರು. ಕೋಪ ಇರುವುದು ಕಳೆದ ಶುಕ್ರವಾರದ್ದರ ಮೇಲೆ. ಕಲೆ ನೋಡಿದ ಮೇಲೆ ಹೊಟ್ಟೆಯನ್ನು ಸರಿಯಾಗಿ ಮುಟ್ಟಲೇ ಇಲ್ಲ.

ಬಸವನಗುಡಿ ಬೀದಿ · 12.30

ವೆಲ್ಕಮ್ ಬ್ಯಾಕ್ ಸರ್! ಗ್ಯಾಸ್ ಅಂತ ಕಳಿಸಿದವರ ಮೇಲೆ ಗ್ರಾಹಕ ನ್ಯಾಯಾಲಯಕ್ಕೆ ಹೋಗಿ. ಬಿಡ್ಬೇಡಿ.

ನೀರ್ಚಾಲಿನವ · 12.48

ಬೇಡ ಮಾರಾಯ್ರೆ. ವಕೀಲರ ಹಿಂದೆ ತಿರುಗುವ ತ್ರಾಣ ಇಲ್ಲ. ಸರ್ಜನಿನ ಡಿಸ್ಚಾರ್ಜ್ ಚೀಟಿಯ ಜೆರಾಕ್ಸ್ ಒಂದು ಅಲ್ಲಿಯ ಡಾಕ್ಟ್ರ ಮೇಜಿನ ಮೇಲೆ ಇಟ್ಟು ಬರ್ತೇನೆ. ನಾಳೆ ಇನ್ನೊಬ್ಬ ಕಲೆ ಇರುವವ ಬಂದ್ರೆ ನೆನಪಾದೀತು.

ಮುಳ್ಳೇರಿಯ ನರ್ಸಕ್ಕ · 1.10

ಅದು ಸರಿ ತಮ್ಮಾ. ಕಾಗದದ ವಿಷಯ ಬಂತಲ್ಲ, ಎಲ್ಲರಿಗೂ ಒಂದು ಹೇಳ್ತೇನೆ. ಆಸ್ಪತ್ರೆಯಲ್ಲಿ ಎಲ್ಲ ಇರ್ತದೆ, ಬೇಕಾದಾಗ ಕೇಳಿದ್ರಾಯ್ತು ಅಂತ ಕೂರ್ಬೇಡಿ. 2002ರ ಮೆಡಿಕಲ್ ಕೌನ್ಸಿಲ್ ನಿಯಮದ ಪ್ರಕಾರ ಒಳರೋಗಿಗಳ ದಾಖಲೆಯನ್ನು ಡಾಕ್ಟ್ರು ಇಡ್ಬೇಕಾದ್ದು ಚಿಕಿತ್ಸೆ ಶುರುವಾದಲ್ಲಿಂದ 3 ವರ್ಷ. ಕೇಳಿದ್ರೆ 72 ಗಂಟೆಯೊಳಗೆ ಕೊಡ್ಬೇಕು. ಮೂರು ವರ್ಷ ಕಳೆದ ಮೇಲೆ ನಮ್ಮ ಕಪಾಟೇ ಗತಿ. ಇವರದ್ದು 15 ವರ್ಷದ್ದು, ಅಮ್ಮ ಇಡದೆ ಇದ್ದಿದ್ರೆ ಎಲ್ಲಿ ಸಿಗ್ತಿತ್ತು?

ಪೆರ್ಲದ ಟೀಚರ್ · 1.22

ಇದನ್ನು ಓದಿ ನನ್ನದನ್ನು ಹುಡುಕಿದೆ. ಡಿಸ್ಚಾರ್ಜ್ ಇದೆ, ಬಯಾಪ್ಸಿ ರಿಪೋರ್ಟ್ ಇಲ್ಲ. ಆಗ ವಾರ ಬಿಟ್ಟು ಬಂದು ತೆಗೆದುಕೊಳ್ಳಿ ಎಂದಿದ್ದರು, ಹೋಗಲೇ ಇಲ್ಲ.

ದೇರಳಕಟ್ಟೆ ಪಿಜಿ · 2.00

ಆ ರಿಪೋರ್ಟನ್ನು ಬಿಡಬೇಡಿ ಟೀಚರ್, ಈಗಲೂ ಒಮ್ಮೆ ಕೇಳಿ ನೋಡಿ. ಉದ್ದ ಎಷ್ಟು ಅಂತ ಮಾತ್ರ ಅಲ್ಲ. ಅಪರೂಪಕ್ಕೆ ಅಪೆಂಡಿಕ್ಸಿನಲ್ಲಿ ಸಣ್ಣ ಗಡ್ಡೆ ಇರುತ್ತದೆ, ಸರ್ಜನಿನ ಕಣ್ಣಿಗೆ ಕಾಣದ್ದು ಮೈಕ್ರೋಸ್ಕೋಪಿನಲ್ಲಿ ಸಿಗುತ್ತದೆ. ಅದರ ಗಾತ್ರ ನೋಡಿ ಇನ್ನೊಂದು ಆಪರೇಶನ್ ಬೇಕಾ ಅಂತ ನಿರ್ಧಾರ. ತುಂಬ ಜನ ಹೊಲಿಗೆ ಬಿಚ್ಚಿಸಿ ಹೋದವರು ಆ ಒಂದು ಹಾಳೆಗೆ ವಾಪಸು ಬರುವುದಿಲ್ಲ.

ನೀರ್ಚಾಲಿನವರೇ, ನಿಮ್ಮ ಹಳೆ ಹೊಸ ಎರಡನ್ನೂ ಫೋಟೋ ತೆಗೆದು ಫೋನಿನಲ್ಲಿ ಇಡಿ. ಒರಳೆಗೆ ಅದು ಸಿಗುವುದಿಲ್ಲ.

ನೀರ್ಚಾಲಿನವ · 2.15

ಅಳಿಯ ಆಗಲೇ ಮಾಡಿದ್ದಾನೆ. ಅಮ್ಮನಿಗೆ ಅದರಲ್ಲಿ ನಂಬಿಕೆ ಇಲ್ಲ, ಹೊಸ ಚೀಟಿಯನ್ನು ಅದೇ ತೊಟ್ಟೆಗೆ ಹಾಕಿ, ಎರಡು ಕರ್ಪೂರದ ಗುಳಿಗೆ ಇಟ್ಟು, ಅಪ್ಪನ ಜಾತಕದ ಅಡಿಗೆ ಸೇರಿಸಿದ್ದಾರೆ.

ಡಾಕ್ಟ್ರೇ, ಕೊನೇ ಪ್ರಶ್ನೆ. ಸ್ಕೂಟರ್ ಯಾವಾಗ ಓಡಿಸಬಹುದು? ಮದ್ದಿನ ಡ್ರಮ್ಮು ಎತ್ತಬಹುದಾ? ಎರಡನೇ ಮದ್ದು ಬಾಕಿಯಾಗಿದೆ, ಗೊನೆಯಲ್ಲಿ ಕೊಳೆ ಕಾಣ್ಲಿಕ್ಕೆ ಶುರುವಾಗಿದೆ.

ದೇರಳಕಟ್ಟೆ ಪಿಜಿ · 2.20

ಸ್ಕೂಟರ್, ನೋವಿಲ್ಲದೆ ಗಟ್ಟಿ ಬ್ರೇಕ್ ಒತ್ತಲಿಕ್ಕೆ ಆದ ಮೇಲೆ. ನಿಮ್ಮ ಸರ್ಜನನ್ನು ಕೇಳಿಯೇ ಶುರು ಮಾಡಿ. ಡ್ರಮ್ಮು ಎತ್ತುವುದು, ಗೊನೆ ಹೊರುವುದು ಒಂದು ಆರು ವಾರ ಬೇಡ. ಜ್ವರ ಬಂದರೆ, ವಾಂತಿ ಶುರುವಾದರೆ, ಗಾಯದಿಂದ ನೀರು ಬಂದರೆ ಇಲ್ಲಿ ಬರೆಯುವುದಲ್ಲ, ಸೀದಾ ಆಸ್ಪತ್ರೆ.

ಉಪ್ಪಳ ಟು ದುಬೈ · 2.26

ಅಣ್ಣಾ, ಬಾಯಾರಿನಲ್ಲಿ ನನ್ನ ದೋಸ್ತಿ ಒಬ್ಬ ಇದ್ದಾನೆ, ದೋಟಿಯಲ್ಲಿ ಕೆಳಗಿಂದಲೇ ಮದ್ದು ಬಿಡುವ ಟೀಮ್ ಉಂಟು ಅವನಲ್ಲಿ. ಎಷ್ಟು ಮರ ಅಂತ ಹೇಳಿ, ಮಳೆ ಬಿಟ್ಟ ಕೂಡಲೇ ಕಳಿಸ್ತೇನೆ.

ನೀರ್ಚಾಲಿನವ · 2.31

ಏಳುನೂರು ಚಿಲ್ಲರೆ. ಮೈಲುತುತ್ತು ಕಳೆದ ವಾರದ ಗುರುವಾರದಿಂದ ನೆನೆದೇ ಉಂಟು, ಅದು ಇನ್ನು ಆಗ್ತದಾ ಅಂತ ಅವನಲ್ಲಿ ಒಮ್ಮೆ ಕೇಳಿ.